ಕತ್ತರಿ ಹಿಡಿಯುವ ದಿನದ ಮಾತ್ರೆ

ನಮ್ಮ ಮನೆಯವರ ಕೈ ನಡುಗುತ್ತದೆ ಎಂದು ನನಗೆ ಖಾತ್ರಿಯಾದದ್ದು ವಕೀಲರೊಬ್ಬರ ಕೋಟಿನ ಬಟ್ಟೆಯಲ್ಲಿ. ಕುತ್ತಿಗೆಯ ತಿರುವಿನಲ್ಲಿ ಕತ್ತರಿ ಒಂದಂಗುಲ ಒಳಗೆ ಹೋಗಿಬಿಟ್ಟಿತ್ತು. ಇಪ್ಪತ್ತೆರಡು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಬೀದಿಯವರೆಲ್ಲ ಅವರನ್ನು ‘ಮಾಸ್ಟರ್’ ಎಂದು ಕರೆಯುವುದು ಶಾಲೆಯಲ್ಲಿ ಪಾಠ ಹೇಳುತ್ತಾರೆಂದಲ್ಲ, ಸುಣ್ಣದ ಗೆರೆ ಬಿಟ್ಟು ಅವರ ಕತ್ತರಿ ಕೂದಲೆಳೆಯಷ್ಟೂ ಆಚೀಚೆ ಹೋಗುವುದಿಲ್ಲ ಎಂದು.

ಅವತ್ತು ಅವರು ಸದ್ದಿಲ್ಲದೆ ಆ ಬಟ್ಟೆ ಮಡಿಚಿ ಮೇಜಿನ ಕೆಳಗೆ ತಳ್ಳಿದರು. ನಾನು ಎದುರಿಗೇ ಕೂತು ಗುಂಡಿ ತೂರುವ ಕಾಜಾ ಹಾಕುತ್ತಿದ್ದೆ. ನೋಡಿಯೂ ನೋಡದವಳ ಹಾಗೆ ಸೂಜಿಗೆ ದಾರ ಪೋಣಿಸಿಕೊಂಡೆ. ಗಂಡಸಿನ ಮಾನ ಕಾಪಾಡಿದೆ ಅಂದುಕೊಂಡಿದ್ದೆ. ಮಣ್ಣು ಕಾಪಾಡಿದೆ.

ನಮ್ಮದು ರಸ್ತೆಗೆ ಮುಖ ಮಾಡಿದ ಒಂದೇ ಕೋಣೆಯ ಅಂಗಡಿ. ಎರಡು ಮೆಷಿನ್, ಒಂದು ಕಟಿಂಗ್ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ. ಅಳತೆ, ಕಟಿಂಗ್ ಅವರದು; ಗುಂಡಿ, ಕಾಜಾ, ಇಸ್ತ್ರಿ ನನ್ನದು. ಹದಿನಾಲ್ಕು ತಿಂಗಳ ಹಿಂದೆ ಅವರಿಗೆ ಬದಲಿ ಕಿಡ್ನಿ ಹಾಕಿದರು. ಕೊಟ್ಟವರು ಅವರ ಸ್ವಂತ ಅಕ್ಕ, ನನ್ನ ಅತ್ತಿಗೆ. ಅತ್ತಿಗೆ ಬಸ್ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಟಿಕೆಟ್ ತೆಗೆಯದವನ ಮುಖ ಕಿಟಕಿ ಕಡೆ ತಿರುಗಿರುತ್ತದೆ ಎಂದು ಹೇಳಿ ಸರಿಯಾಗಿ ಅವನನ್ನೇ ಹಿಡಿಯುವ ಹೆಂಗಸು. ತಮ್ಮನಿಗೆ ಕಿಡ್ನಿ ಕೊಡುವಾಗ ಎರಡನೇ ಮಾತೇ ಆಡಲಿಲ್ಲ. ‘ಎಲ್ಲಿ ಸಹಿ ಹಾಕ್ಬೇಕು’ ಎಂದಷ್ಟೇ ಕೇಳಿದ್ದರು.

ಆಪರೇಷನ್ ಆದ ಮೇಲೆ ಡಯಾಲಿಸಿಸ್ ಪೀಡೆ ತಪ್ಪಿತು. ಆದರೆ ಮಾತ್ರೆಗಳು ಬಂದವು. ಬೆಳಗ್ಗೆ ಎಂಟಕ್ಕೆ ಎರಡು, ರಾತ್ರಿ ಎಂಟಕ್ಕೆ ಎರಡು, ಬದುಕಿರುವಷ್ಟು ಕಾಲ. ಒಬ್ಬರ ಅಂಗವನ್ನು ಇನ್ನೊಬ್ಬರ ಮೈ ಸುಮ್ಮನೆ ಒಪ್ಪುವುದಿಲ್ಲವಂತೆ. ಅದನ್ನು ಹೊರಗಿನದೆಂದು ತಿಳಿದು ಮೇಲೆ ಬೀಳುತ್ತದಂತೆ. ಹಾಗೆ ಬೀಳದಂತೆ ಮೈಯ ಕಾವಲನ್ನು ತಗ್ಗಿಸಿ ಇಡುವುದೇ ಈ ಮಾತ್ರೆಗಳ ಕೆಲಸ. ಅಷ್ಟು ನಮಗೆ ಹೇಳಿದ್ದರು. ನಾವೂ ಗೋಣು ಆಡಿಸಿದ್ದೆವು.

ಮೊದಮೊದಲು ಅವರ ಮುಖ ಊದಿಕೊಂಡಿತು. ಗಿರಾಕಿಗಳು ‘ಮಾಸ್ಟರ್ ಚೆನ್ನಾಗಿ ಮೈ ಹಿಡಿದಿದ್ದೀರಿ’ ಎಂದು ಹೊಗಳಿದರು. ಆಮೇಲೆ ವಿಪರೀತ ಹಸಿವು, ಬಾಯಾರಿಕೆ. ಬಾಚಣಿಗೆ ತುಂಬ ಕೂದಲು. ವಾರಕ್ಕೆ ಎರಡು ದಿನ ಹೊಟ್ಟೆ ಕೆಟ್ಟಿರುತ್ತಿತ್ತು. ಇದೆಲ್ಲ ತಡೆದುಕೊಂಡರು. ತಡೆಯಲಾಗದೆ ಹೋದದ್ದು ಕೈ ನಡುಕ. ಬೆಳಗಿನ ಮಾತ್ರೆ ನುಂಗಿದ ಎರಡು ಗಂಟೆಗೆ, ಅಂದರೆ ಸರಿಯಾಗಿ ಕತ್ತರಿ ಹಿಡಿಯುವ ಹತ್ತು ಗಂಟೆಗೆ, ಬೆರಳು ತಕತಕ ಅನ್ನುತ್ತಿದ್ದವು. ಸುಣ್ಣದ ಗೆರೆ ಸೊಟ್ಟ ಆಗುತ್ತಿತ್ತು.

ವಕೀಲರ ಕೋಟು ಹಾಳಾದ ಮಾರನೆಯ ದಿನ ನಮ್ಮವರು ಮೇಜಿನ ಮೇಲೆ ಶರಟಿನ ಬಟ್ಟೆ ಹಾಸಿಕೊಂಡು ನನ್ನನ್ನು ಕರೆದರು. ಹೊಲಿಗೆಯ ಒಳಗೆ ಬಿಡುವ ಬಟ್ಟೆಯ ಮೇಲೆ ಬೆರಳಿಟ್ಟರು.

“ಇದೇನು?”

“ಮಾರ್ಜಿನ್. ನನಗೆ ಪಾಠ ಹೇಳ್ತೀರಾ?”

“ಯಾವ ಟೈಲರ್ ಆದ್ರೂ ಒಂದಂಗುಲ ಜಾಸ್ತಿ ಬಿಟ್ಟೇ ಕತ್ತರಿಸ್ತಾನೆ. ಕಮ್ಮಿ ಬಿದ್ರೆ ಕಷ್ಟ, ಜಾಸ್ತಿ ಇದ್ರೆ ಒಳಗೆ ಮಡಚಬಹುದು. ಡಾಕ್ಟ್ರೂ ಅಷ್ಟೇ ಕಣೇ. ಮಾತ್ರೆ ಬರೆಯೋವಾಗ ಒಂದಿಷ್ಟು ಮಾರ್ಜಿನ್ ಬಿಟ್ಟೇ ಬರೆದಿರ್ತಾರೆ. ಆ ಮಾರ್ಜಿನ್ ಅಷ್ಟೇ ನಾನು ತೆಗೆಯೋದು. ಕಟಿಂಗ್ ಇರೋ ದಿನ ಬೆಳಗಿನ ಮಾತ್ರೆ ಬೇಡ. ರಾತ್ರಿದು ಬಿಡಲ್ಲ.”

ನೀವು ಹೊಲಿಗೆಯ ಮನೆಯವರಲ್ಲದಿದ್ದರೆ ನಕ್ಕುಬಿಡುತ್ತಿದ್ದಿರಿ. ನನಗೆ ನಗು ಬರಲಿಲ್ಲ. ಹದಿನೆಂಟು ವರ್ಷ ಮಾರ್ಜಿನ್ ಮಡಚಿ ಇಸ್ತ್ರಿ ಹಾಕಿದವಳಿಗೆ ಅದು ಸರಿ ಅನಿಸಿತು. ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಉಳಿದ ಮಾತ್ರೆಗಳನ್ನು ಗುಂಡಿಯ ಡಬ್ಬಿಯಲ್ಲಿ ಹಾಕಿ ಮೇಲೆ ಬಿಳಿ ಗುಂಡಿ ಸುರಿದು ಮುಚ್ಚಿಟ್ಟವಳೂ ನಾನೇ. ಅತ್ತಿಗೆ ಬಂದರೆ ಕಾಣಬಾರದಲ್ಲ.

ಅಲ್ಲಿಂದ ವಾರಕ್ಕೆ ಮೂರು ದಿನ ಬೆಳಗಿನ ಮಾತ್ರೆ ಇಲ್ಲ. ನಡುಕ ಪೂರ್ತಿ ಹೋಗಲಿಲ್ಲ, ತಗ್ಗಿತು. ಗೆರೆ ನೆಟ್ಟಗಾಯಿತು. ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡುವ ದಿನ ಹತ್ತಿರ ಬಂದಾಗ ಒಂದು ವಾರ ಮೊದಲೇ ಎಲ್ಲ ಮಾತ್ರೆ ಚಾಚೂ ತಪ್ಪದೆ ನುಂಗಿದರು. ವರದಿ ಚೆನ್ನಾಗಿ ಬಂತು. ‘ಟ್ರಯಲ್‌ಗೆ ಕಚ್ಚಾ ಹೊಲಿಗೆ ಹಾಕಿ ತೋರಿಸಿದ ಹಾಗೆ’ ಎಂದು ಅವರು ನಕ್ಕರು. ನಾನೂ ನಕ್ಕೆ.

ಹೀಗೆ ಮೂರೂವರೆ ತಿಂಗಳು ಕಳೆಯಿತು. ಶಾಲೆ ತೆರೆಯುವ ಕಾಲ, ಸಮವಸ್ತ್ರದ ಕೆಲಸ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು. ಒಂದು ಭಾನುವಾರ ಅವರು ಕಾಲುಚೀಲ ತೆಗೆದಾಗ ಕಣಕಾಲಿನ ಸುತ್ತ ಎಲಾಸ್ಟಿಕ್ಕಿನ ಗುರುತು ಆಳವಾಗಿ ಬಿದ್ದಿದ್ದು ನೋಡಿದೆ. ಹೆಬ್ಬೆರಳಿನಿಂದ ಒತ್ತಿದೆ. ಗುಳಿ ಬಿತ್ತು, ಮೇಲೇಳಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು ಕಣಕಾಲಿಗೆ ಸುತ್ತಿದೆ. ಅವರ ಮೈಯ ಅಳತೆ ಪುಸ್ತಕ ನೋಡದೆಯೇ ನನಗೆ ಗೊತ್ತು. ಅರ್ಧ ಅಂಗುಲ ಜಾಸ್ತಿ ಇತ್ತು.

“ದಿನವಿಡೀ ನಿಂತೇ ಇರ್ತೀನಲ್ಲ, ಅದಕ್ಕೆ” ಎಂದರು.

ಸೋಮವಾರ ಬೆಳಗ್ಗೆ ಅಳೆದೆ. ಒಂದಂಗುಲಕ್ಕೆ ಹತ್ತಿರ ಬಂದಿತ್ತು. ಬಚ್ಚಲಿಗೆ ಎಷ್ಟು ಸಲ ಹೋದಿರಿ ಎಂದು ಕೇಳಿದೆ. ಅವರು ಮೇಜು ಒರೆಸತೊಡಗಿದರು. ಗುರುವಾರದ ತನಕ ತಡಿ, ನಲವತ್ತು ಜೊತೆ ಸಮವಸ್ತ್ರ ಇದೆ, ಆಮೇಲೆ ಹೋಗೋಣ ಎಂದು ಅವರ ಹಟ. ನಾನು ಇಸ್ತ್ರಿ ಪೆಟ್ಟಿಗೆ ಆರಿಸಿ ಹಿಂದಿನ ಕೋಣೆಗೆ ಹೋಗಿ, ಆಸ್ಪತ್ರೆಯ ಕಾರ್ಡಿನಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಕಿಡ್ನಿ ವಾರ್ಡಿನ ನರ್ಸಮ್ಮ ಎತ್ತಿದರು. ಆಪರೇಷನ್ ದಿನದಿಂದ ನಮ್ಮನ್ನು ಬಲ್ಲವರು. ಕಾಲು ಊದಿದೆ ಎಂದೆ. ಜ್ವರ ಇದೆಯಾ, ಕಿಡ್ನಿ ಹಾಕಿದ ಜಾಗದಲ್ಲಿ ನೋವಿದೆಯಾ, ಮೂತ್ರ ಕಡಿಮೆ ಆಗಿದೆಯಾ ಎಂದೆಲ್ಲ ಕೇಳಿದರು. ಆಮೇಲೆ ದನಿ ಏರಿಸದೆ ಒಂದು ಪ್ರಶ್ನೆ ಕೇಳಿದರು.

“ಮನೇಲಿ ಮಾತ್ರೆ ಎಷ್ಟು ಉಳಿದಿದೆ ಅಮ್ಮ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಡಬ್ಬಿ ತಂದು ಹಾಸಿಗೆಯ ಮೇಲೆ ಸುರಿದೆ. ಗುಂಡಿಗಳ ನಡುವಿನಿಂದ ಒಂದೊಂದೇ ಹೆಕ್ಕಿ ಎಣಿಸಿದೆ. ಫೋನಿನ ಆಚೆ ಅವರು ಕಾಯುತ್ತಲೇ ಇದ್ದರು.

“ಎಂಬತ್ತನಾಲ್ಕು” ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗಲೇ ಹೊರಡಿ ಎಂದರು. ಬಿಟ್ಟದ್ದನ್ನೆಲ್ಲ ಸೇರಿಸಿ ಒಟ್ಟಿಗೆ ನುಂಗಿಸಬೇಡಿ, ಅದೂ ಅಪಾಯವೇ. ಕಾಲು ನೋವು ಎಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ, ಕೆಲವು ನೋವಿನ ಮಾತ್ರೆ ಕಿಡ್ನಿಗೆ ವಿಷ. ಆ ಡಬ್ಬಿಯನ್ನು ಹಾಗೇ ತನ್ನಿ ಎಂದರು.

ನಮ್ಮವರು ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಕಡೆಗೆ ನಾನು ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ. ಆ ಕತ್ತರಿಯನ್ನು ನನಗೂ ಮುಟ್ಟಗೊಡದ ಮನುಷ್ಯ. ಚಪ್ಪಲಿಯ ಪಟ್ಟಿ ಹಾಕಲಾಗದೆ ಕಾಲೆಳೆದುಕೊಂಡು ಹಿಂದೆಯೇ ಬಂದರು.

ಬಸ್ಸು ಬಂತು. ಅತ್ತಿಗೆಯ ಪಾಳಿ ಇರದಿರಲಿ ಎಂದುಕೊಂಡಿದ್ದೆ. ಮುಂದಿನ ಬಾಗಿಲಲ್ಲಿ ನಿಂತು ಸೀಟಿ ಊದುತ್ತಿದ್ದವರು ಅತ್ತಿಗೆಯೇ. ಹತ್ತಿ ಕೂತೆವು. ಅವರು ಟಿಕೆಟ್ ಕೊಡುತ್ತ ಬಂದು ನಮ್ಮ ಸೀಟಿನ ಬಳಿ ನಿಂತರು. ನಮ್ಮವರ ಮುಖ ಕಿಟಕಿಯ ಕಡೆ ತಿರುಗಿತ್ತು. ಅತ್ತಿಗೆ ತಮ್ಮನ ಮುಖ ನೋಡಲಿಲ್ಲ, ಕೆಳಗೆ ಕಾಲು ನೋಡಿದರು. ಆಸ್ಪತ್ರೆಗೆ ಎರಡು ಟಿಕೆಟ್ ಹರಿದು ನನ್ನ ಕೈಗಿಟ್ಟರು. ರಕ್ತ ಕೊಡುವ ದಿನ ಇನ್ನೂ ಮೂರು ವಾರ ಇದೆ ಎಂದು ಅವರಿಗೂ ಗೊತ್ತಿತ್ತು. ಆಸ್ಪತ್ರೆಯ ನಿಲ್ದಾಣ ಬರುವ ತನಕ ನಮ್ಮ ಪಕ್ಕದ ಕಂಬಿ ಹಿಡಿದು ನಿಂತೇ ಇದ್ದರು. ಆ ಇಪ್ಪತ್ತು ನಿಮಿಷ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್ ಎಂಬ ಅಂಶ ಮೊದಲು ಒಂದು ಪಾಯಿಂಟ್ ಮೂರು ಇತ್ತು. ಈಗ ಎರಡು ಪಾಯಿಂಟ್ ಒಂಬತ್ತು. ಅದು ಏರಿತೆಂದರೆ ಕಿಡ್ನಿ ಸೋಲುತ್ತಿದೆ ಎಂದು ಅರ್ಥ. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದು ಡಾಕ್ಟರು ಹೇಳಿದರು. ಮೈ ಕಿಡ್ನಿಯ ಮೇಲೆ ಬಿದ್ದಿರುವ ಹಾಗಿದೆ. ಹಾಗೇ ಆಗಿದ್ದರೆ ಮೂರು ದಿನ ಇಂಜೆಕ್ಷನ್. ಎಷ್ಟು ಉಳಿಯುತ್ತದೆ ಎಂದು ಈಗ ಹೇಳಲಾರೆ ಎಂದರು. ಉಳಿಯದಿದ್ದರೆ ಏನು ಎಂದು ನಾನು ಕೇಳಬೇಕಿರಲಿಲ್ಲ. ಆ ಡಯಾಲಿಸಿಸ್ ಕುರ್ಚಿ ಪಕ್ಕದ ಕೋಣೆಯಲ್ಲೇ ಕಾಣುತ್ತಿತ್ತು.

ನರ್ಸಮ್ಮ ಬಂದು ಅವರ ಮಂಚದ ತುದಿಯಲ್ಲಿ ಕೂತರು. ಯಾಕೆ ಬಿಟ್ಟಿರಿ ಎಂದು ಕೇಳಿದರು. ನಮ್ಮವರು ಮಾರ್ಜಿನ್ ಲೆಕ್ಕ ಒಪ್ಪಿಸಿದರು. ಹೇಳುತ್ತ ಹೇಳುತ್ತ ಅವರಿಗೇ ಅದು ಸಪ್ಪೆ ಅನಿಸಿರಬೇಕು, ಒಂದಂಗುಲ ಎಂದು ತೋರಿಸಲು ಎತ್ತಿದ ಬೆರಳನ್ನು ಕೆಳಗಿಳಿಸಿದರು.

“ಮಾಸ್ಟ್ರೇ, ಇದರಲ್ಲಿ ಮಾರ್ಜಿನ್ ಇಲ್ಲ” ಎಂದರು ನರ್ಸಮ್ಮ. “ಈ ಔಷಧಿ ಕಮ್ಮಿ ಆದ್ರೆ ಮೈ ಕಿಡ್ನಿ ಮೇಲೆ ಬೀಳುತ್ತೆ. ಜಾಸ್ತಿ ಆದ್ರೆ ಔಷಧಿನೇ ಕಿಡ್ನಿಗೆ ಪೆಟ್ಟು ಕೊಡುತ್ತೆ. ನಡುವೆ ಇರೋದು ಒಂದು ಸಣ್ಣ ದಾರಿ. ಅದಕ್ಕೇ ಪದೇ ಪದೇ ರಕ್ತ ತೆಗೆದು ಅಳೆಯೋದು. ನೀವು ರಕ್ತ ಕೊಡೋ ವಾರ ಮಾತ್ರ ಸರಿಯಾಗಿ ನುಂಗಿ ಬಂದು ನಮ್ಮ ಟೇಪನ್ನೇ ಸುಳ್ಳು ಮಾಡಿದ್ರಿ.”

“ಕೈ ನಡುಗುತ್ತೆ ಸಿಸ್ಟರ್. ನನ್ನ ಅನ್ನ ಈ ಕೈಯಲ್ಲಿದೆ.”

“ನಡುಗುತ್ತೆ. ಸುಳ್ಳು ಅಂದೋರು ಯಾರು? ಈ ಔಷಧಿಗೆ ಕೈ ನಡುಗೋದು ಇದ್ದಿದ್ದೇ. ಹೇಳಿದ್ರೆ ನಾವೇ ಕಮ್ಮಿ ಮಾಡ್ತಿದ್ವೋ ಏನೋ, ಬೇರೆ ಥರದ ಮಾತ್ರೆ ಕೊಡ್ತಿದ್ವೋ ಏನೋ. ನಾವು ಕಮ್ಮಿ ಮಾಡೋದು ರಕ್ತ ನೋಡಿ. ನೀವು ಮಾಡಿದ್ದು ಕೋಟು ನೋಡಿ. ಪ್ರತಿ ಸಲ ಬಂದಾಗ ಏನಾದ್ರೂ ತೊಂದರೆ ಇದ್ಯಾ ಅಂತ ಕೇಳ್ತಿದ್ದೆ. ಪ್ರತಿ ಸಲ ಚೆನ್ನಾಗಿದೀನಿ ಅಂದ್ರಿ. ಯಾಕೆ?”

ನಮ್ಮವರು ಹೊದಿಕೆಯ ಅಂಚನ್ನು ಬೆರಳಲ್ಲಿ ಉಜ್ಜುತ್ತ ಹೇಳಿದರು. “ಅಕ್ಕ ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದ್ದಾಳೆ. ಕೂದಲು ಉದುರುತ್ತೆ, ಕೈ ನಡುಗುತ್ತೆ ಅಂತ ಯಾವ ಬಾಯಲ್ಲಿ ದೂರಲಿ? ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದ್ನಂತೆ. ಹಾಗಾಗಲ್ವಾ?”

ನನಗೆ ಅದೇ ಮೊದಲ ಸಲ ತಿಳಿದದ್ದು. ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಹೊಲಿದವರು ನಾವು. ಆ ಮಾತು ಅಷ್ಟೂ ತಿಂಗಳು ಅವರೊಳಗೇ ಇತ್ತು. ನಾನು ಮುಖಕ್ಕೆ ಸೆರಗು ಅಡ್ಡ ಹಿಡಿದು ಹೊರಗೆ ಬಂದೆ.

ಸಂಜೆ ಪಾಳಿ ಮುಗಿಸಿ ಅತ್ತಿಗೆ ಖಾಕಿಯಲ್ಲೇ ಬಂದರು. ಮೆಟ್ಟಿಲ ಬಳಿ ಅವರನ್ನು ತಡೆದು ಎಲ್ಲ ಹೇಳಿದೆ. ಮಾರ್ಜಿನ್, ಗುಂಡಿಯ ಡಬ್ಬಿ, ಎಂಬತ್ತನಾಲ್ಕು. ನನ್ನದೇ ತಪ್ಪು ಎಂದೆ. ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಎಡಗೈ ತಾನಾಗಿ ಪಕ್ಕೆಯ ಮೇಲೆ, ಆ ಗಾಯದ ಗುರುತಿನ ಮೇಲೆ ಹೋಯಿತು. ಕೆನ್ನೆಗೆ ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಸಿಕೊಳ್ಳಲು ತಯಾರಾಗಿಯೂ ಇದ್ದೆ. ಅವರು ಎದ್ದು, ಮೂಗು ಒರೆಸಿಕೊಂಡು, ಒಳಗೆ ಹೋದರು.

ನಮ್ಮವರು ಗೋಡೆಯ ಕಡೆ ತಿರುಗಿ ಮಲಗಿದ್ದರು.

“ಈ ಕಡೆ ತಿರುಗೋ” ಎಂದರು ಅತ್ತಿಗೆ. “ನನಗೆ ಇದ್ದಿದ್ದು ಎರಡು. ಒಂದು ನಿನಗೆ ಕೊಟ್ಟೆ. ಇನ್ನೊಂದು ನನಗೆ ಬೇಕು. ಇದು ಹೋದ್ರೆ ನಾನು ಎಲ್ಲಿಂದ ತರಲಿ?”

ಅವರು ತಿರುಗಲಿಲ್ಲ. ಹೆಗಲು ಅಲುಗುತ್ತಿತ್ತು. ಅತ್ತಿಗೆ ಮಂಚದ ಮೇಲೆ ಕೂತು ಆ ಹೆಗಲ ಮೇಲೆ ಕೈ ಇಟ್ಟರು.

“ಕೊಟ್ಟಾಯ್ತು ಕಣೋ. ಅದೀಗ ನಿಂದು. ನನ್ನದು ಅಂತ ಅದಕ್ಕೆ ಮರ್ಯಾದೆ ಮಾಡ್ಕೊಂಡು ಬಾಯಿ ಮುಚ್ಚಿಕೊಂಡಿರಬೇಡ. ಬೈಯಿ. ದೂರು. ಈ ದರಿದ್ರ ಮಾತ್ರೆ ಅಂತ ಡಾಕ್ಟ್ರ ಹತ್ರ ಜಗಳ ಆಡು. ನನಗೆ ಸ್ವಲ್ಪವೂ ಬೇಜಾರಿಲ್ಲ. ಮಾತ್ರೆ ಮಾತ್ರ ಬಿಡಬೇಡ. ನಿನ್ನ ಮೈಗೆ ಅಕ್ಕ ತಮ್ಮ ಅನ್ನೋ ನೆಂಟಸ್ತಿಕೆ ಗೊತ್ತಿಲ್ಲ. ನಿನಗೆ ಗೊತ್ತಿದೆಯಲ್ಲ.”

ಆ ಮೂರು ದಿನ ನಾವಿಬ್ಬರೂ ಹೆಂಗಸರು ವಾರ್ಡಿನ ಹೊರಗಿನ ಬೆಂಚಿನಲ್ಲಿ ಪಾಳಿ ಹಾಕಿಕೊಂಡು ಕೂತೆವು. ಪರೀಕ್ಷೆಯ ಚೂರು ಡಾಕ್ಟರ ಮಾತನ್ನೇ ಹೇಳಿತು. ಇಂಜೆಕ್ಷನ್ ಶುರುವಾಯಿತು. ಮೊದಲ ದಿನ ಎರಡು ಪಾಯಿಂಟ್ ಒಂಬತ್ತು ಇದ್ದದ್ದು ಮೂರಕ್ಕೆ ಏರಿತು. ಎರಡನೆಯ ದಿನ ಅಲ್ಲೇ ನಿಂತಿತು. ನಾಲ್ಕನೆಯ ದಿನ ಎರಡು ಪಾಯಿಂಟ್ ಐದಕ್ಕೆ ಇಳಿಯಿತು. ಮನೆಗೆ ಕಳಿಸಿದ ಮೇಲೂ ವಾರಕ್ಕೆರಡು ಸಲ ಹೋಗಿ ರಕ್ತ ಕೊಟ್ಟೆವು. ಒಂದು ಪಾಯಿಂಟ್ ಎಂಟಕ್ಕೆ ಬಂದು ನಿಂತಿದೆ. ಮೊದಲಿನ ಒಂದು ಪಾಯಿಂಟ್ ಮೂರು ಇನ್ನು ಬರುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಹೋದದ್ದು ಹೋಯಿತು. ಕಿಡ್ನಿ ಉಳಿದಿದೆ, ಎಷ್ಟು ವರ್ಷ ಎಂದು ಯಾರೂ ಬರೆದು ಕೊಡುವುದಿಲ್ಲ. ಆ ಹೆದರಿಕೆ ಈಗ ನಮ್ಮ ಮನೆಯಲ್ಲೇ ಇರುತ್ತದೆ, ನಮ್ಮ ಜೊತೆಯಲ್ಲೇ ಉಣ್ಣುತ್ತದೆ.

ಔಷಧಿ ಬದಲಾಯಿತು. ಅದೇ ಮದ್ದು, ಆದರೆ ದಿನಕ್ಕೊಂದೇ ಸಲ ನುಂಗಿ ಮೆಲ್ಲಗೆ ಕರಗುವಂಥದ್ದು. ನಡುಕ ಅರ್ಧಕ್ಕಿಂತ ಹೆಚ್ಚು ತಗ್ಗಿದೆ. ಎಲ್ಲರಿಗೂ ಇದೇ ಆಗುತ್ತದೆ ಎಂದೇನಿಲ್ಲ, ಅವರವರ ರಕ್ತ ನೋಡಿ ಡಾಕ್ಟರೇ ತೀರ್ಮಾನಿಸಬೇಕು ಎಂದು ನರ್ಸಮ್ಮ ಒತ್ತಿ ಹೇಳಿದ್ದಾರೆ. ಇದೇ ಹೊತ್ತಿನಲ್ಲಿ ಇನ್ನೊಂದೂ ಗೊತ್ತಾಯಿತು. ಅವರಿಗೆ ಸಕ್ಕರೆ ಏರಿತ್ತು, ರಕ್ತದೊತ್ತಡವೂ ಏರಿತ್ತು. ಅವೂ ಈ ಮಾತ್ರೆಗಳಿಂದ ಬರಬಹುದಾದ ತೊಂದರೆಗಳೇ, ಅವಕ್ಕೂ ಮದ್ದಿದೆ. ಆ ವಿಪರೀತ ಹಸಿವು, ಬಾಯಾರಿಕೆ ಇವನ್ನು ನಾವು ಯಾರಿಗೂ ಹೇಳಿರಲಿಲ್ಲ. ಮೈಯ ಕಾವಲು ತಗ್ಗಿರುವುದರಿಂದ ಸಣ್ಣ ಜ್ವರವನ್ನೂ ಕಡೆಗಣಿಸಬಾರದು, ಕೆಮ್ಮುವವರಿಂದ ದೂರ ಇರಬೇಕು, ಬಿಸಿಲಿಗೆ ತೋಳು ತಲೆ ಮುಚ್ಚಿಕೊಳ್ಳಬೇಕು, ಚರ್ಮದಲ್ಲಿ ಹೊಸ ಗಂಟು ಮಚ್ಚೆ ಕಂಡರೆ ತೋರಿಸಬೇಕು ಎಂದರು. ಯಾರೋ ಹೇಳಿದರೆಂದು ಬೇರೆ ಔಷಧಿ, ಗಿಡಮೂಲಿಕೆ ಏನನ್ನೂ ಕೇಳದೆ ಸೇರಿಸಬಾರದು, ಚಕ್ಕೋತ ಹಣ್ಣನ್ನೂ ತಿನ್ನಬಾರದು. ಮದ್ದು ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುವುದರಿಂದ, ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ನುಂಗದೆ ಹೋಗಿ, ರಕ್ತ ಕೊಟ್ಟ ಕೂಡಲೇ ನುಂಗಬೇಕು. ಇಷ್ಟೂ ಮೊದಲೇ ಹೇಳಿದ್ದರು. ಆಗ ನಮ್ಮ ಕಿವಿ ಮನೆಯಲ್ಲಿತ್ತು.

ಈಗ ಅಂಗಡಿಯಲ್ಲಿ ದಪ್ಪ ಬಟ್ಟೆಯ ಕಟಿಂಗ್ ನಾನು ಮಾಡುತ್ತೇನೆ. ಅವರು ಗೆರೆ ಹಾಕಿಕೊಟ್ಟು ಪಕ್ಕದಲ್ಲಿ ನಿಂತು ತಪ್ಪು ಹುಡುಕುತ್ತಾರೆ. ‘ಕುರಿ ಕೂದಲು ಕತ್ತರಿಸೋ ಹಾಗೆ ಕತ್ತರಿಸ್ತೀಯಲ್ಲೇ’ ಎನ್ನುತ್ತಾರೆ. ಕೈ ನಡುಗಿದ ದಿನ ‘ಇವತ್ತು ಜಾಸ್ತಿ ಇದೆ’ ಎಂದು ಬಾಯಿಬಿಟ್ಟು ಹೇಳುತ್ತಾರೆ. ನಾನು ದಿನಾಂಕದ ಜೊತೆ ಬರೆದಿಡುತ್ತೇನೆ. ವಕೀಲರಿಗೆ ಬೇರೆ ಬಟ್ಟೆ ತಂದು ಕೋಟು ಹೊಲಿದುಕೊಟ್ಟೆವು. ಕಾರಣವನ್ನೂ ಮುಚ್ಚಿಡದೆ ಹೇಳಿದೆವು. ಅವರು ಇನ್ನೂ ನಮ್ಮ ಗಿರಾಕಿ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಬದಲಿ ಕಿಡ್ನಿ ಹಾಕಿಸಿಕೊಂಡವರು ಇದ್ದರೆ ಇವತ್ತೇ ಅವರ ಎದುರು ಕೂತುಕೊಳ್ಳಿ. ಮಾತ್ರೆ ತಗೊಂಡ್ಯಾ ಎಂದು ಊರೆಲ್ಲ ಅವರನ್ನು ಕೇಳುತ್ತದೆ. ಮಾತ್ರೆಯಿಂದ ನಿನಗೆ ಏನೇನು ಕಷ್ಟ ಆಗುತ್ತಿದೆ ಎಂದು ನೀವಾದರೂ ಕೇಳಿ. ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಆಸ್ಪತ್ರೆಗೆ ಒಯ್ಯಿರಿ. ಅವರ ಹಾಸಿಗೆ ಕೆಳಗೋ ಡಬ್ಬಿಯಲ್ಲೋ ಉಳಿದ ಮಾತ್ರೆ ಸಿಕ್ಕಿದರೆ ಜಗಳ ಆಡಬೇಡಿ, ನನ್ನ ಹಾಗೆ ಮುಚ್ಚಿಯೂ ಇಡಬೇಡಿ. ಎಣಿಸಿ, ಅವತ್ತೇ ಆಸ್ಪತ್ರೆಗೆ ತಿಳಿಸಿ.

ಮಾತ್ರೆ ನುಂಗುವವರು ನೀವೇ ಆಗಿದ್ದರೆ, ನಿಮಗೊಂದು ಮಾತು. ನಿಮ್ಮ ಕೈ ನಡುಗುವುದು ನಿಜ, ಮುಖ ಊದಿರುವುದು ನಿಜ, ಕೂದಲು ಉದುರುವುದೂ ನಿಜ. ಅದನ್ನು ಹೇಳಿಕೊಂಡರೆ ಕೊಟ್ಟವರಿಗೆ ಅವಮಾನ ಆಗುವುದಿಲ್ಲ. ನಾಳೆ ಬೆಳಗ್ಗೆ ನಿಮಗೆ ಹೇಳಿದ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ. ಒಂಬತ್ತಕ್ಕೆ ಆಸ್ಪತ್ರೆಗೆ ಫೋನು ಮಾಡಿ, ಆ ಮಾತ್ರೆಯ ಮೇಲೆ ಹೊಟ್ಟೆ ತುಂಬ ದೂರು ಹೇಳಿ.